ಆವೃತ್ತಿಯ ಅಂಕಿ ಹೇಳುವ ಕಥೆ

2000ದ ದಶಕದಲ್ಲಿ ನಮ್ಮ ದೇಶದ ಕಾಲೇಜುಗಳಲ್ಲೂ ಕಚೇರಿಗಳಲ್ಲೂ ಒಂದು ಇ-ಮೇಲ್ ಸುತ್ತಾಡುತ್ತಿತ್ತು. ಕಂಪ್ಯೂಟರಿನಲ್ಲಿ ‘ಸಿ-ಒ-ಎನ್’ ಎಂಬ ಮೂರಕ್ಷರದ ಹೆಸರಿನ ಫೋಲ್ಡರ್ ಮಾಡಲು ಯಾರಿಂದಲೂ ಆಗುವುದಿಲ್ಲವಂತೆ, ಈ ರಹಸ್ಯವನ್ನು ಕಂಡುಹಿಡಿದವನು ಒಬ್ಬ ಭಾರತೀಯನಂತೆ, ಏಕೆ ಹೀಗೆ ಎಂದು ಕೇಳಿದರೆ ಬಿಲ್ ಗೇಟ್ಸ್ ಅವರಿಗೂ ಉತ್ತರ ಗೊತ್ತಿಲ್ಲವಂತೆ! ಓದಿದವರು ತಮ್ಮ ಕಂಪ್ಯೂಟರಿನಲ್ಲಿ ಪ್ರಯತ್ನಿಸಿ ನೋಡಿದರು. ಫೋಲ್ಡರ್ ಆಗಲಿಲ್ಲ. ಬೆರಗಾಗಿ ಆ ಪತ್ರವನ್ನು ಇನ್ನೂ ಹತ್ತು ಜನರಿಗೆ ಕಳುಹಿಸಿದರು.

ಫೋಲ್ಡರ್ ಆಗುತ್ತಿರಲಿಲ್ಲ ಎಂಬುದು ನಿಜ. ಉಳಿದದ್ದು ಕಟ್ಟುಕಥೆ. ಆ ಹೆಸರನ್ನು ಬೇರೆ ಯಾವುದಕ್ಕೂ ಇಡಬಾರದು ಎಂಬ ನಿಯಮ 1981ರಲ್ಲಿ ಹೊರಬಂದ ಡಾಸ್‌ನ ಮೊದಲ ಆವೃತ್ತಿಯಷ್ಟೇ ಹಳೆಯದು. ಅದರಲ್ಲಿ ರಹಸ್ಯವೇನೂ ಇರಲಿಲ್ಲ, ಕೈಪಿಡಿಯಲ್ಲೇ ಅಚ್ಚಾಗಿತ್ತು. ಆಶ್ಚರ್ಯಪಡಬೇಕಾದ ಸಂಗತಿ ಬೇರೆಯೇ ಇದೆ. 1981ರ ಆ ನಿಯಮ 2009ರ ವಿಂಡೋಸ್ 7ರಲ್ಲಿ, 2015ರ ವಿಂಡೋಸ್ 10ರಲ್ಲಿ ಹೇಗೆ ಉಳಿದುಕೊಂಡಿತು? ಇದಕ್ಕೆ ಉತ್ತರ ಬೇಕಾದರೆ ಡಾಸ್‌ನ ವಂಶಾವಳಿಯನ್ನು ಒಮ್ಮೆ ತಿರುವಿ ಹಾಕಬೇಕು. 1.0, 1.1, 2.0, 3.3, 6.22 - ಈ ಅಂಕಿಗಳು ಬರಿಯ ಅಂಕಿಗಳಲ್ಲ. ಒಂದೊಂದರ ಹಿಂದೆಯೂ ಒಂದು ಅಗತ್ಯ, ಒಂದು ಅವಸರ, ಕೆಲವೊಮ್ಮೆ ಒಂದು ಜಗಳ ಇದೆ.

ಚುಕ್ಕಿಯ ಎರಡು ಬದಿ

ಮೊದಲು ಕೆಲವು ಮೂಲ ಸಂಗತಿಗಳು. ಕಂಪ್ಯೂಟರಿನ ಕೀಲಿಮಣೆ, ಪರದೆ, ಮುದ್ರಕ, ಡಿಸ್ಕುಗಳನ್ನೆಲ್ಲ ಸಂಭಾಳಿಸುತ್ತ, ಉಳಿದ ತಂತ್ರಾಂಶಗಳು ಓಡಲು ಅನುವು ಮಾಡಿಕೊಡುವ ಮೂಲ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. ಡಿಸ್ಕಿನ ಮೇಲೆ ಕಡತಗಳನ್ನು ಬರೆಯುವುದು, ಹುಡುಕಿ ತರುವುದು ಇದರ ಮುಖ್ಯ ಕೆಲಸವಾದ್ದರಿಂದ ಮೊದಲ ದಿನಗಳಲ್ಲಿ ಇದಕ್ಕೆ ಡಿಸ್ಕ್ ಆಪರೇಟಿಂಗ್ ಸಿಸ್ಟಂ ಎಂಬ ಹೆಸರಿತ್ತು. ಅದರ ಹ್ರಸ್ವರೂಪವೇ ಡಾಸ್.

ಪಠ್ಯಪುಸ್ತಕಗಳಲ್ಲಿ ಮರುಮುದ್ರಣ, ಪರಿಷ್ಕೃತ ಆವೃತ್ತಿ ಎಂಬ ಎರಡು ಬಗೆ ಇರುವುದನ್ನು ವಿದ್ಯಾರ್ಥಿಗಳು ಬಲ್ಲರು. ಅಲ್ಲೊಂದು ಇಲ್ಲೊಂದು ಅಚ್ಚಿನ ತಪ್ಪು ತಿದ್ದಿದರೆ ಅದು ಮರುಮುದ್ರಣ. ಅಧ್ಯಾಯಗಳೇ ಬದಲಾದರೆ ಪರಿಷ್ಕೃತ ಆವೃತ್ತಿ. ತಂತ್ರಾಂಶದ ಅಂಕಿಯೂ ಹೀಗೆಯೇ. ಚುಕ್ಕಿಯ ಎಡಗಡೆಯ ಅಂಕಿ ಬದಲಾದರೆ ದೊಡ್ಡ ಬದಲಾವಣೆ ಆಗಿದೆ ಎಂದು ಅರ್ಥ. ಬಲಗಡೆಯ ಅಂಕಿ ಬದಲಾದರೆ ಸಣ್ಣ ಸೇರ್ಪಡೆ ಅಥವಾ ತಿದ್ದುಪಡಿ. ಇದು ಸಾಮಾನ್ಯ ರೂಢಿ. ಕಾನೂನೇನೂ ಅಲ್ಲ. ಕಂಪನಿಗಳು ಈ ರೂಢಿಯನ್ನು ಯಾವಾಗ ಪಾಲಿಸಿದವು, ಯಾವಾಗ ಮುರಿದವು ಎಂದು ನೋಡುತ್ತ ಹೋದರೆ ಅದೇ ಒಂದು ಪಾಠ.

ಡಾಸ್‌ಗಿಂತ ಮೊದಲು

ಕಥೆ ಆರಂಭವಾಗುವುದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ಅಲ್ಲಿನ ಮಾಂಟೆರಿ ಎಂಬ ಊರಿನ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಗ್ಯಾರಿ ಕಿಲ್ಡಾಲ್, ಇಂಟೆಲ್ ಕಂಪನಿಯ ಸಲಹೆಗಾರರೂ ಆಗಿದ್ದರು. 1974ರ ಹೊತ್ತಿಗೆ ಅವರು ಇಂಟೆಲ್ 8080 ಎಂಬ ಚಿಪ್‌ಗಾಗಿ ಸಿಪಿ/ಎಂ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬರೆದರು. ಪತ್ನಿ ಡೊರೊಥಿಯವರ ಜೊತೆಗೂಡಿ ಅದನ್ನು ಮಾರಲು ಒಂದು ಸಂಸ್ಥೆಯನ್ನು ಕಟ್ಟಿದರು. ಅದೇ ಮುಂದೆ ಡಿಜಿಟಲ್ ರಿಸರ್ಚ್ ಎಂದು ಹೆಸರಾಯಿತು.

ಸಿಪಿ/ಎಂ‌ನ ಒಂದು ಜಾಣತನವನ್ನು ಇಲ್ಲಿ ಹೇಳಲೇಬೇಕು. ಆಗ ಒಬ್ಬೊಬ್ಬ ತಯಾರಕನ ಕಂಪ್ಯೂಟರ್ ಒಂದೊಂದು ರೀತಿ ಇರುತ್ತಿತ್ತು. ಕಿಲ್ಡಾಲ್ ಅವರು ಯಂತ್ರಕ್ಕೆ ಅಂಟಿಕೊಂಡ ಭಾಗವನ್ನು ‘ಬಯಾಸ್’ ಎಂಬ ಹೆಸರಿನಲ್ಲಿ ಬೇರೆ ಮಾಡಿದರು. ಹೊಸ ಯಂತ್ರ ಬಂದಾಗ ಆ ಚಿಕ್ಕ ಭಾಗವನ್ನಷ್ಟೇ ತಿದ್ದಿದರೆ ಸಾಕು, ಉಳಿದದ್ದೆಲ್ಲ ಹಾಗೆಯೇ ಓಡುತ್ತಿತ್ತು. 1979ರಲ್ಲಿ ಬಂದ ಸಿಪಿ/ಎಂ 2.2 ಅತ್ಯಂತ ಜನಪ್ರಿಯವಾದ ಆವೃತ್ತಿ. ಡ್ರೈವುಗಳನ್ನು ಎ, ಬಿ, ಸಿ ಎಂದು ಅಕ್ಷರಗಳಿಂದ ಕರೆಯುವುದು, ಕಡತದ ಹೆಸರಿಗೆ ಎಂಟಕ್ಷರ, ಅದರ ಬಾಲಕ್ಕೆ ಮೂರಕ್ಷರ - ಇವೆಲ್ಲ ಪರ್ಸನಲ್ ಕಂಪ್ಯೂಟರುಗಳಿಗೆ ಬಂದದ್ದು ಸಿಪಿ/ಎಂ‌ನ ಮೂಲಕ.

ಅವಸರದ ಕೂಸು

1978ರಲ್ಲಿ ಇಂಟೆಲ್ 8086 ಎಂಬ ಹೊಸ ಚಿಪ್ ಹೊರತಂದಿತು. ಅದಕ್ಕೆ ತಕ್ಕ ಸಿಪಿ/ಎಂ ಬರುವುದು ತಡವಾಯಿತು. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಒಂದು ಸಣ್ಣ ಕಂಪನಿ ಆ ಚಿಪ್ ಇದ್ದ ಬೋರ್ಡುಗಳನ್ನು ತಯಾರಿಸಿತ್ತು. ಆದರೆ ಕಾರ್ಯಾಚರಣ ವ್ಯವಸ್ಥೆಯೇ ಇಲ್ಲದ ಬೋರ್ಡನ್ನು ಕೊಳ್ಳುವವರು ಯಾರು? ಎಷ್ಟು ದಿನವೆಂದು ಕಾಯುವುದು? ಅಲ್ಲಿನ 24 ವರ್ಷದ ಎಂಜಿನಿಯರ್ ಟಿಮ್ ಪ್ಯಾಟರ್ಸನ್ 1980ರಲ್ಲಿ ತಾನೇ ಒಂದನ್ನು ಬರೆಯಲು ಕುಳಿತರು. ಅದಕ್ಕಿಟ್ಟ ಹೆಸರು ಕ್ಯೂಡಾಸ್. ಅದರ ವಿಸ್ತಾರ ಕೇಳಿದರೆ ನಗು ಬರುತ್ತದೆ. ‘ಬೇಗ ಮಾಡಿದ, ಒರಟೊರಟಾದ ಕಾರ್ಯಾಚರಣ ವ್ಯವಸ್ಥೆ’ ಎಂದು ಅದರ ಅರ್ಥ! ಸಿಪಿ/ಎಂ‌ಗಾಗಿ ಬರೆದ ತಂತ್ರಾಂಶಗಳನ್ನು ಇದಕ್ಕೆ ಒಗ್ಗಿಸುವುದು ಸುಲಭವಾಗಲೆಂದು ಪ್ಯಾಟರ್ಸನ್ ಅವರು ಅದರ ಹಲವು ರೂಢಿಗಳನ್ನು ಉದ್ದೇಶಪೂರ್ವಕವಾಗಿಯೇ ಉಳಿಸಿಕೊಂಡರು. ಡ್ರೈವಿನ ಅಕ್ಷರ, ಎಂಟು-ಮೂರರ ಹೆಸರು ಡಾಸ್‌ಗೆ ಬಂದದ್ದು ಹೀಗೆ. ಹೊರಬಿದ್ದಾಗ ಅದರ ಆವೃತ್ತಿಯ ಅಂಕಿ ಒಂದು ಕೂಡ ಅಲ್ಲ, 0.1. ಅಂದರೆ ಇದಿನ್ನೂ ಮುಗಿದ ಕೆಲಸವಲ್ಲ ಎಂಬ ಪ್ರಾಮಾಣಿಕ ಒಪ್ಪಿಗೆ. ಬಳಿಕ ಅದಕ್ಕೆ 86-ಡಾಸ್ ಎಂಬ ಗಂಭೀರ ಹೆಸರು ಬಂತು.

ಅದೇ ವರ್ಷ ಐಬಿಎಂ ಎಂಬ ದೈತ್ಯ ಕಂಪನಿ ಗುಟ್ಟಾಗಿ ಒಂದು ಪರ್ಸನಲ್ ಕಂಪ್ಯೂಟರನ್ನು ಸಿದ್ಧಪಡಿಸುತ್ತಿತ್ತು. ಅದರ ಪ್ರತಿನಿಧಿಗಳು ಕಿಲ್ಡಾಲ್ ಅವರ ಸಂಸ್ಥೆಗೂ ಹೋಗಿದ್ದರು. ಆ ಮಾತುಕತೆಯಲ್ಲಿ ಏನು ನಡೆಯಿತು ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಒಪ್ಪಂದವಂತೂ ಕುದುರಲಿಲ್ಲ. ಆಗ ಮೈಕ್ರೋಸಾಫ್ಟ್ ಮುಂದೆ ಬಂತು. ಅದರ ಬಳಿ ಕಾರ್ಯಾಚರಣ ವ್ಯವಸ್ಥೆ ಇರಲಿಲ್ಲ. ಆದರೆ ಎಲ್ಲಿ ಸಿಗುತ್ತದೆ ಎಂಬುದು ಗೊತ್ತಿತ್ತು. 1980ರ ಡಿಸೆಂಬರಿನಲ್ಲಿ 25,000 ಡಾಲರಿಗೆ 86-ಡಾಸ್‌ನ ಪರವಾನಗಿಯನ್ನೂ, 1981ರ ಜುಲೈನಲ್ಲಿ ಇನ್ನೂ 50,000 ಡಾಲರಿಗೆ ಅದರ ಪೂರ್ಣ ಹಕ್ಕನ್ನೂ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಮರುತಿಂಗಳು, ಆಗಸ್ಟ್ 12ರಂದು, ಐಬಿಎಂ ಪಿಸಿ ಲೋಕಕ್ಕೆ ಪರಿಚಯವಾಯಿತು. ಅದರೊಂದಿಗೆ ಬಂದದ್ದೇ ಪಿಸಿ ಡಾಸ್ 1.0.

ಐಬಿಎಂ ಬಳಿಕ ಸಿಪಿ/ಎಂ-86ನ್ನೂ ಮಾರಿತು. ಆದರೆ ಅದರ ಬೆಲೆ 240 ಡಾಲರ್, ಡಾಸ್‌ನ ಬೆಲೆ 40 ಡಾಲರ್. ಗಿರಾಕಿಗಳು ಯಾವುದನ್ನು ಕೊಂಡರು ಎಂದು ಬೇರೆ ಹೇಳಬೇಕಾಗಿಲ್ಲ. ಬೇರೆ ತಯಾರಕರಿಗೂ ಡಾಸ್ ಮಾರುವ ಹಕ್ಕನ್ನು ಮೈಕ್ರೋಸಾಫ್ಟ್ ತನ್ನಲ್ಲೇ ಇಟ್ಟುಕೊಂಡಿತ್ತು. ಐಬಿಎಂ ಯಂತ್ರದಲ್ಲಿದ್ದರೆ ಪಿಸಿ ಡಾಸ್, ಬೇರೆಯವರ ಯಂತ್ರದಲ್ಲಿದ್ದರೆ ಎಂಎಸ್-ಡಾಸ್. ಮುಂದೆ ಐಬಿಎಂ ಮಾದರಿಯ ಕಂಪ್ಯೂಟರುಗಳನ್ನು ಹತ್ತಾರು ಕಂಪನಿಗಳು ತಯಾರಿಸತೊಡಗಿದಾಗ ಪ್ರತಿಯೊಂದಕ್ಕೂ ಡಾಸ್ ಬೇಕಾಯಿತು. ಸಿಯಾಟಲ್‌ನ ಆ ಸಣ್ಣ ಕಂಪನಿ ತನ್ನ ಪಾಲಿನ ಹಕ್ಕಿನ ಬಗ್ಗೆ ನ್ಯಾಯಾಲಯದ ಮೆಟ್ಟಿಲೇರಿ, 1986ರಲ್ಲಿ 9,25,000 ಡಾಲರಿಗೆ ರಾಜಿಯಾಯಿತು. ಅಷ್ಟರಲ್ಲಿ ಡಾಸ್ ಎಲ್ಲೆಡೆ ಬೇರೂರಿತ್ತು.

ಒಂದರಿಂದ ಎರಡಕ್ಕೆ

ಡಾಸ್ 1.0 ಎಷ್ಟು ಚಿಕ್ಕದೆಂದರೆ ಅದು ಕಡತ ಬರೆದ ದಿನಾಂಕವನ್ನು ಮಾತ್ರ ನೆನಪಿಡುತ್ತಿತ್ತು, ಗಂಟೆ-ನಿಮಿಷವನ್ನಲ್ಲ. ಒಂದು ಫ್ಲಾಪಿಯಲ್ಲಿ 160 ಕಿಲೋಬೈಟ್ ಮಾಹಿತಿ ಹಿಡಿಸುತ್ತಿತ್ತು. ಹೆಚ್ಚೆಂದರೆ 64 ಕಡತಗಳು. ಅವೆಲ್ಲ ಒಂದೇ ಪಟ್ಟಿಯಲ್ಲಿರುತ್ತಿದ್ದವು. ಫೋಲ್ಡರ್ ಎಂಬ ಕಲ್ಪನೆಯೇ ಅದರಲ್ಲಿರಲಿಲ್ಲ. 1982ರ ಮೇ ತಿಂಗಳಲ್ಲಿ ಬಂದ 1.1 ಆವೃತ್ತಿ ಫ್ಲಾಪಿಯ ಎರಡೂ ಮುಖಗಳಲ್ಲಿ ಬರೆಯಲು ಕಲಿತಿತು, ಕಡತಕ್ಕೆ ಸಮಯದ ಮುದ್ರೆ ಒತ್ತುವುದನ್ನೂ ಕಲಿತಿತು. ಸಣ್ಣ ಸೇರ್ಪಡೆಯಾದ್ದರಿಂದ ಚುಕ್ಕಿಯ ಬಲಗಡೆ ಮಾತ್ರ ಬದಲಾಯಿತು. ರೂಢಿ ಸರಿಯಾಗಿಯೇ ನಡೆದಿತ್ತು.

1983ರ ಮಾರ್ಚಿನಲ್ಲಿ ಐಬಿಎಂ ತನ್ನ ಪಿಸಿ ಎಕ್ಸ್‌ಟಿಯನ್ನು ಹೊರತಂದಿತು. ಅದರೊಳಗೆ 10 ಮೆಗಾಬೈಟ್ ಹಾರ್ಡ್ ಡಿಸ್ಕ್ ಇತ್ತು. 64 ಕಡತಗಳನ್ನು ಒಂದೇ ಪಟ್ಟಿಯಲ್ಲಿ ಹುಡುಕುವುದು ಕಷ್ಟವಲ್ಲ. ಸಾವಿರಾರು ಕಡತಗಳನ್ನು? ಸಾವಿರ ಮಕ್ಕಳ ಶಾಲೆಯಲ್ಲಿ ತರಗತಿಗಳೇ ಇಲ್ಲದೆ ಎಲ್ಲರನ್ನೂ ಒಂದೇ ಹಾಜರಿ ಪುಸ್ತಕದಲ್ಲಿ ಬರೆದಂತಾಗುತ್ತಿತ್ತು. ಆದ್ದರಿಂದ ಡಾಸ್ 2.0ರಲ್ಲಿ ಡೈರೆಕ್ಟರಿಗಳು, ಅವುಗಳೊಳಗೆ ಉಪಡೈರೆಕ್ಟರಿಗಳು ಬಂದವು. ಯುನಿಕ್ಸ್ ಎಂಬ ಹಿರಿಯ ಕಾರ್ಯಾಚರಣ ವ್ಯವಸ್ಥೆಯಿಂದ ಈ ಕಲ್ಪನೆಯನ್ನು ಎರವಲು ಪಡೆಯಲಾಗಿತ್ತು. ಎ ಮತ್ತು ಬಿ ಎಂಬ ಅಕ್ಷರಗಳು ಫ್ಲಾಪಿಗಳಿಗೆ ಮೀಸಲಾಗಿದ್ದುದರಿಂದ ಹಾರ್ಡ್ ಡಿಸ್ಕಿಗೆ ಸಿ ಎಂಬ ಅಕ್ಷರ ಸಿಕ್ಕಿತು. ಫ್ಲಾಪಿಗಳು ಕಣ್ಮರೆಯಾಗಿ ಎಷ್ಟೋ ವರ್ಷಗಳಾದವು. ಇಂದಿನ ವಿಂಡೋಸ್ ಕಂಪ್ಯೂಟರಿನಲ್ಲಿಯೂ ಮೊದಲ ಡಿಸ್ಕಿನ ಹೆಸರು ಸಿ ಎಂದೇ ಇದೆ.

ಇಲ್ಲಿಯೇ ಇನ್ನೊಂದು ತೊಡಕು ಎದುರಾಯಿತು. ಯುನಿಕ್ಸ್‌ನಲ್ಲಿ ಡೈರೆಕ್ಟರಿಗಳ ಹೆಸರನ್ನು ಬೇರ್ಪಡಿಸುವುದು ಮುಂದಕ್ಕೆ ವಾಲಿದ ಓರೆಗೆರೆ. ಡಾಸ್ 1.0ರ ಆಜ್ಞೆಗಳಲ್ಲಿ ಆ ಗೆರೆಯನ್ನು ಆಗಲೇ ಬೇರೊಂದು ಕೆಲಸಕ್ಕೆ, ಅಂದರೆ ಆಜ್ಞೆಯ ಜೊತೆಗಿನ ಆಯ್ಕೆಗಳನ್ನು ಸೂಚಿಸಲು ಬಳಸಿಯಾಗಿತ್ತು. ಅದನ್ನು ಕಿತ್ತುಕೊಂಡರೆ ಎರಡು ವರ್ಷಗಳಿಂದ ಡಾಸ್ ಬಳಸುತ್ತಿದ್ದವರ ಅಭ್ಯಾಸವೂ, ಅವರು ಬರೆದಿಟ್ಟ ಆಜ್ಞೆಗಳೂ ಕೆಡುತ್ತಿದ್ದವು. ಆದ್ದರಿಂದ ಹಿಂದಕ್ಕೆ ವಾಲಿದ ಓರೆಗೆರೆಯನ್ನು ಆರಿಸಿಕೊಂಡರು. ವಿಂಡೋಸ್‌ನಲ್ಲಿ ಗೆರೆ ಒಂದು ಕಡೆಗೆ, ಅಂತರ್ಜಾಲದ ವಿಳಾಸಗಳಲ್ಲಿ ಇನ್ನೊಂದು ಕಡೆಗೆ ಏಕೆ ವಾಲಿರುತ್ತದೆ ಎಂದು ತಲೆ ಕೆರೆದುಕೊಂಡ ವಿದ್ಯಾರ್ಥಿಗಳಿಗೆ ಇದೇ ಉತ್ತರ.

‘ಸಿ-ಒ-ಎನ್’ ಒಗಟಿಗೆ ಉತ್ತರವೂ ಇಲ್ಲಿಯೇ ಇದೆ. ಮೊದಲ ಡಾಸ್‌ನಲ್ಲಿ ಕೀಲಿಮಣೆ-ಪರದೆ, ಮುದ್ರಕ ಮುಂತಾದ ಸಾಧನಗಳನ್ನೂ ಕಡತಗಳಂತೆಯೇ ಹೆಸರಿಟ್ಟು ಕರೆಯಬಹುದಾಗಿತ್ತು. ಕೀಲಿಮಣೆ ಮತ್ತು ಪರದೆಯ ಜೋಡಿಗೆ ಕನ್ಸೋಲ್ ಎನ್ನುತ್ತಾರೆ. ಅದರ ಮೊದಲ ಮೂರಕ್ಷರ ಸಿ-ಒ-ಎನ್. ಮುದ್ರಕಕ್ಕೆ ಪಿ-ಆರ್-ಎನ್. ಡೈರೆಕ್ಟರಿಗಳು ಬಂದಾಗ ಈ ಹೆಸರುಗಳನ್ನು ಒಂದೇ ಡೈರೆಕ್ಟರಿಯಲ್ಲಿ ಕೂಡಿಹಾಕಬಹುದಿತ್ತು. ಆದರೆ ಡೈರೆಕ್ಟರಿ ಎಂದರೇನೆಂದೇ ಅರಿಯದ 1.0ರ ಕಾಲದ ತಂತ್ರಾಂಶಗಳು ಮುದ್ರಿಸಲು ಹೋಗಿ ಮುದ್ರಕವನ್ನೇ ಕಾಣದೆ ನಿಲ್ಲುತ್ತಿದ್ದವು. ಆದ್ದರಿಂದ ಯಾವ ಡೈರೆಕ್ಟರಿಯಲ್ಲಿದ್ದರೂ ಈ ಹೆಸರುಗಳಿಗೆ ಅದೇ ಅರ್ಥ ಎಂಬ ನಿಯಮವನ್ನು ಉಳಿಸಿಕೊಂಡರು. ಹಳೆಯದನ್ನು ಕೆಡಿಸಬಾರದು ಎಂದು 1983ರಲ್ಲಿ ಕೊಟ್ಟ ಆ ಮಾತು ದಶಕಗಳಾಚೆಯ ಒಂದು ಇ-ಮೇಲ್‌ಗೆ ವಸ್ತುವಾಯಿತು.

ಮೂರು, ನಾಲ್ಕು, ಮತ್ತು ಬಾರದ ನಾಲ್ಕು

1984ರ ಆಗಸ್ಟಿನಲ್ಲಿ ಐಬಿಎಂ ಪಿಸಿ ಎಟಿ ಬಂದಾಗ ಡಾಸ್ 3.0 ಬಂತು. 1.2 ಮೆಗಾಬೈಟ್ ಫ್ಲಾಪಿ ಓದಲು ಅದು ಬೇಕಾಗಿತ್ತು. ಮೂರೂವರೆ ಅಂಗುಲದ 720 ಕಿಲೋಬೈಟ್ ಫ್ಲಾಪಿಗಾಗಿ 1986ರಲ್ಲಿ 3.2, ಅದೇ ಅಳತೆಯ 1.44 ಮೆಗಾಬೈಟ್ ಫ್ಲಾಪಿಗಾಗಿ 1987ರಲ್ಲಿ 3.3 ಬಂದವು. ಹೊಸ ಡಿಸ್ಕ್ ಬಂದಾಗಲೆಲ್ಲ ಹೊಸ ಅಂಕಿ! ಆವೃತ್ತಿಗಳ ಪಟ್ಟಿಯನ್ನು ಓದಿದರೆ ಡಿಸ್ಕುಗಳ ಇತಿಹಾಸವನ್ನೇ ಓದಿದಂತಾಗುತ್ತದೆ.

3.3 ಬಹುಕಾಲ ಬಾಳಿದ ಆವೃತ್ತಿ. ಆದರೂ ಅದಕ್ಕೊಂದು ಮಿತಿಯಿತ್ತು. ಡಾಸ್ ಡಿಸ್ಕನ್ನು 512 ಬೈಟುಗಳ ತುಂಡುಗಳಾಗಿ ಎಣಿಸುತ್ತಿತ್ತು. ತುಂಡಿನ ಕ್ರಮಸಂಖ್ಯೆಗೆ 16 ಬಿಟ್‌ಗಳ ಜಾಗ. 16 ಬಿಟ್‌ಗಳಲ್ಲಿ 65,536 ಸಂಖ್ಯೆಗಳನ್ನು ಮಾತ್ರ ಬರೆಯಬಹುದು. ಎರಡನ್ನೂ ಗುಣಿಸಿದರೆ ಬರುವುದು 3,35,54,432 ಬೈಟುಗಳು, ಅಂದರೆ 32 ಮೆಗಾಬೈಟ್. ಅದಕ್ಕಿಂತ ದೊಡ್ಡ ಡಿಸ್ಕ್ ಇದ್ದರೆ 32ರ ಒಳಗಿನ ಹಲವು ಭಾಗಗಳಾಗಿ ಒಡೆಯಬೇಕು. ಫ್ಲಾಪಿಯ ಕಾಲದಲ್ಲಿ ಇದು ಎಂದೂ ತುಂಬದ ಕಣಜದಂತೆ ಕಂಡಿರಬೇಕು. ಕೆಲವೇ ವರ್ಷಗಳಲ್ಲಿ ಅದು ಇಕ್ಕಟ್ಟಾಯಿತು.

1988ರಲ್ಲಿ ಬಂದ 4.0 ಈ ಗೋಡೆಯನ್ನು ಒಡೆಯಿತು. ಎಡಗಡೆಯ ಅಂಕಿ ಬದಲಾಗಲು ಇದು ತಕ್ಕ ಕಾರಣವೇ. ಆದರೆ ಈ ಆವೃತ್ತಿ ಹೆಚ್ಚು ಮೆಮೊರಿಯನ್ನು ನುಂಗುತ್ತಿತ್ತು. ದೋಷಗಳೂ ಇದ್ದವು. ಬೇಗನೆ 4.01 ಎಂಬ ತಿದ್ದುಪಡಿ ಹೊರಬಂದರೂ ಹೆಸರು ಕೆಟ್ಟಿತ್ತು. ಎಷ್ಟೋ ಮಂದಿ 3.3ರಲ್ಲೇ ಉಳಿದರು. ದೊಡ್ಡ ಅಂಕಿ ಎಂದ ಮಾತ್ರಕ್ಕೆ ಒಳ್ಳೆಯ ಸರಕು ಎಂದಲ್ಲ ಎಂಬುದನ್ನು ಬಳಕೆದಾರರು ಆಗಲೇ ಕಲಿತರು.

ಕಿಲ್ಡಾಲ್ ಅವರ ಡಿಜಿಟಲ್ ರಿಸರ್ಚ್ ಈ ಹೊತ್ತಿಗೆ ಡಾಸ್‌ಗೆ ಎದುರಾಳಿಯಾಗಿ ತನ್ನದೇ ಡಿಆರ್ ಡಾಸ್ ತಂದಿತ್ತು. 1988ರಲ್ಲಿ ಬಂದ ಅದರ ಮೊದಲ ಆವೃತ್ತಿಯ ಅಂಕಿ 1.0 ಅಲ್ಲ, ನೇರವಾಗಿ 3.31! ಪೇಟೆಯಲ್ಲಿದ್ದ ಎಂಎಸ್-ಡಾಸ್‌ಗೆ ತಾನು ಸರಿಸಮ ಎಂದು ತೋರಿಸುವ ಅಂಕಿ ಅದು. ಮುಂದೆ 3.41 ಬಂತು. ಆಮೇಲೆ 4.0 ಬರಲೇ ಇಲ್ಲ. ಎದುರಾಳಿಯ ನಾಲ್ಕಕ್ಕೆ ಬಂದಿದ್ದ ಅಪಖ್ಯಾತಿ ತನಗೆ ಅಂಟಬಾರದೆಂದು 1990ರಲ್ಲಿ ನೇರವಾಗಿ 5.0ಕ್ಕೆ ಜಿಗಿಯಿತು. ಇಲ್ಲಿಂದ ಅಂಕಿಯು ಬದಲಾವಣೆಯ ಲೆಕ್ಕವನ್ನಷ್ಟೇ ಅಲ್ಲ, ವ್ಯಾಪಾರದ ಲೆಕ್ಕವನ್ನೂ ಹೇಳತೊಡಗಿತು.

ಪೈಪೋಟಿಯ ಲಾಭ

ಆಗಿನ ದೊಡ್ಡ ಗೋಳೆಂದರೆ ಮೆಮೊರಿ. ಐಬಿಎಂ ಪಿಸಿಯ ಚಿಪ್ ಮುಟ್ಟಬಹುದಾಗಿದ್ದದ್ದು ಒಂದು ಮೆಗಾಬೈಟನ್ನು ಮಾತ್ರ. ಅದರಲ್ಲಿ ಮೇಲಿನ 384 ಕಿಲೋಬೈಟ್ ಪರದೆ ಮೊದಲಾದವುಗಳಿಗೆ ಮೀಸಲು. ಉಳಿದ 640 ಕಿಲೋಬೈಟಿನಲ್ಲೇ ಡಾಸ್ ಮತ್ತು ತಂತ್ರಾಂಶಗಳು ಸಂಸಾರ ನಡೆಸಬೇಕು. ನಾಲ್ಕು ಮೆಗಾಬೈಟ್ ಇದ್ದ ಯಂತ್ರದಲ್ಲೂ ‘ಮೆಮೊರಿ ಸಾಲದು’ ಎಂಬ ಸಂದೇಶ ಬರುತ್ತಿದ್ದುದು ಇದೇ ಕಾರಣಕ್ಕೆ. ಡಿಆರ್ ಡಾಸ್ 5.0 ತನ್ನ ಬಹುಭಾಗವನ್ನು ಆ ಒಂದು ಮೆಗಾಬೈಟಿನ ಆಚೆಗೆ ಸಾಗಿಸಿ, ತಂತ್ರಾಂಶಗಳಿಗೆ ಜಾಗ ತೆರವು ಮಾಡಿಕೊಟ್ಟಿತು. ಒಂದು ವರ್ಷದ ಬಳಿಕ, 1991ರ ಜೂನಿನಲ್ಲಿ ಬಂದ ಎಂಎಸ್-ಡಾಸ್ 5.0 ಕೂಡ ಅದನ್ನೇ ಮಾಡಿತು. ಅಳಿಸಿಹೋದ ಕಡತವನ್ನು ಮರಳಿ ತರುವ ಸೌಲಭ್ಯ, ಪೂರ್ಣಪರದೆಯ ಎಡಿಟರ್, ಕ್ಯೂಬೇಸಿಕ್ ಇವೆಲ್ಲ ಅದರಲ್ಲಿದ್ದವು. ಪೈಪೋಟಿ ಇದ್ದರೆ ಗಿರಾಕಿಗೆ ಲಾಭ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

5.0ರೊಂದಿಗೆ ಬಂದ ‘ಸೆಟ್‌ವರ್’ ಎಂಬ ಸಣ್ಣ ತಂತ್ರಾಂಶ ಸ್ವಾರಸ್ಯದ್ದು. ಕೆಲವು ತಂತ್ರಾಂಶಗಳು ಓಡುವ ಮುನ್ನ ಡಾಸ್‌ನ ಅಂಕಿಯನ್ನು ಕೇಳುತ್ತಿದ್ದವು. ತಮಗೆ ಗೊತ್ತಿಲ್ಲದ ಅಂಕಿ ಬಂದರೆ ಓಡಲು ಒಪ್ಪುತ್ತಿರಲಿಲ್ಲ. ಅಂಥ ತಂತ್ರಾಂಶಗಳ ಹೆಸರನ್ನು ಸೆಟ್‌ವರ್‌ನ ಪಟ್ಟಿಯಲ್ಲಿ ಬರೆದಿಟ್ಟರೆ ಸಾಕು, ಡಾಸ್ 5.0 ತನ್ನ ಅಂಕಿಯನ್ನು ಮರೆಮಾಚಿ ‘ನಾನು 3.3’ ಎಂದೋ ‘ನಾನು 4.0’ ಎಂದೋ ಹೇಳಿಬಿಡುತ್ತಿತ್ತು! ಹಳಬರಿಗೆ ತೊಂದರೆಯಾಗಬಾರದೆಂದು ಹೊಸತು ಹೇಳಿದ ಸುಳ್ಳು ಇದು.

ಆರರ ನಂತರದ ಅಂಕಿಗಳು

1993ರ ಮಾರ್ಚಿನಲ್ಲಿ ಬಂದ ಎಂಎಸ್-ಡಾಸ್ 6.0ರ ದೊಡ್ಡ ಆಕರ್ಷಣೆ ‘ಡಬಲ್‌ಸ್ಪೇಸ್’. ಮಾಹಿತಿಯನ್ನು ಅದುಮಿ ಬರೆದು, ಇರುವ ಡಿಸ್ಕಿನಲ್ಲೇ ಹೆಚ್ಚುಕಡಿಮೆ ಇಮ್ಮಡಿ ಜಾಗ ಮಾಡಿಕೊಡುವ ಉಪಾಯ. ಹಾರ್ಡ್ ಡಿಸ್ಕ್ ದುಬಾರಿಯಾಗಿದ್ದ ಕಾಲದಲ್ಲಿ ಯಾರಿಗೆ ಬೇಡ? ಆದರೆ ಕೆಲವು ಬಳಕೆದಾರರ ಮಾಹಿತಿ ಹಾಳಾಯಿತೆಂಬ ದೂರುಗಳು ಬರತೊಡಗಿದವು. ಅದುಮಿಟ್ಟ ಮಾಹಿತಿಯಲ್ಲಿ ಒಂದೆಡೆ ಪೆಟ್ಟು ಬಿದ್ದರೆ ಬಹಳಷ್ಟು ಕೆಡುತ್ತದೆ. ಇನ್ನೊಂದು ಕಾರಣವೂ ಇತ್ತು. ವೇಗ ಹೆಚ್ಚಿಸಲು ‘ಸ್ಮಾರ್ಟ್‌ಡ್ರೈವ್’ ಎಂಬ ಭಾಗವು ಬರೆಯಬೇಕಾದ್ದನ್ನು ಕೆಲವು ಕ್ಷಣ ಮೆಮೊರಿಯಲ್ಲೇ ತಡೆದಿಡುತ್ತಿತ್ತು. ಕೆಲಸ ಮುಗಿಯಿತೆಂದು ಬಳಕೆದಾರ ಸ್ವಿಚ್ ಆರಿಸಿಬಿಟ್ಟರೆ ತಡೆದಿಟ್ಟದ್ದು ಡಿಸ್ಕನ್ನು ಸೇರುವ ಮೊದಲೇ ಮಾಯ.

ಅದೇ ವರ್ಷದ ನವೆಂಬರಿನಲ್ಲಿ 6.2 ಬಂತು. ಡಿಸ್ಕನ್ನು ಪರೀಕ್ಷಿಸುವ ‘ಸ್ಕ್ಯಾನ್‌ಡಿಸ್ಕ್’, ಡಬಲ್‌ಸ್ಪೇಸ್‌ಗೆ ಕಾವಲು, ಬರೆಯುವುದು ಪೂರ್ತಿ ಮುಗಿಯುವವರೆಗೆ ಮುಂದಿನ ಆಜ್ಞೆಗೆ ಅವಕಾಶ ಕೊಡದ ಸ್ಮಾರ್ಟ್‌ಡ್ರೈವ್ ಅದರಲ್ಲಿದ್ದವು. 6.1 ಎಲ್ಲಿ ಹೋಯಿತು? ಆ ಅಂಕಿಯನ್ನು ಐಬಿಎಂ ತನ್ನ ಪಿಸಿ ಡಾಸ್‌ಗೆ ಬಳಸಿಕೊಂಡಿತ್ತು. ಅಷ್ಟರಲ್ಲಿ ಎರಡು ಕಂಪನಿಗಳ ದಾರಿ ಬೇರೆಯಾಗಿತ್ತು.

1994ರ ಫೆಬ್ರುವರಿಯಲ್ಲಿ ಇನ್ನೊಂದು ಪೆಟ್ಟು. ಮಾಹಿತಿ ಅದುಮುವ ತನ್ನ ಪೇಟೆಂಟುಗಳನ್ನು ಮೈಕ್ರೋಸಾಫ್ಟ್ ಉಲ್ಲಂಘಿಸಿದೆ ಎಂದು ಸ್ಟ್ಯಾಕ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ಹೂಡಿದ್ದ ದಾವೆಯಲ್ಲಿ ಜ್ಯೂರಿ ಸ್ಟ್ಯಾಕ್‌ಗೆ 12 ಕೋಟಿ ಡಾಲರ್ ಪರಿಹಾರ ನೀಡಬೇಕೆಂದಿತು. ಎದುರು ದಾವೆಯಲ್ಲಿ ಸ್ಟ್ಯಾಕ್ ಮೈಕ್ರೋಸಾಫ್ಟ್‌ಗೆ 1.36 ಕೋಟಿ ಡಾಲರ್ ಕೊಡಬೇಕೆಂದಿತು. ಡಬಲ್‌ಸ್ಪೇಸನ್ನು ಕಿತ್ತುಹಾಕಿದ ಡಾಸ್‌ಗೆ 6.21 ಎಂಬ ಅಂಕಿ. ಬೇರೆ ವಿಧಾನದಲ್ಲಿ ಬರೆದ ‘ಡ್ರೈವ್‌ಸ್ಪೇಸ್’ ಸೇರಿಸಿ ಆ ವರ್ಷ ಜೂನಿನಲ್ಲಿ ಹೊರಬಂದದ್ದೇ 6.22. ಬಿಡಿಯಾಗಿ ಮಾರಾಟವಾದ ಕೊನೆಯ ಎಂಎಸ್-ಡಾಸ್ ಅದು. ಚುಕ್ಕಿಯ ಬಲಗಡೆಯ ಎರಡು ಪುಟ್ಟ ಅಂಕಿಗಳ ನಡುವೆ ಒಂದು ನ್ಯಾಯಾಲಯದ ತೀರ್ಪೇ ಅಡಗಿದೆ. ಅದರ ಮರುತಿಂಗಳು, ಜುಲೈ 11ರಂದು, ಗ್ಯಾರಿ ಕಿಲ್ಡಾಲ್ ತಮ್ಮ 52ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ರೂಢಿಗಳು ಮಾತ್ರ ಎದುರಾಳಿಯ ತಂತ್ರಾಂಶದಲ್ಲಿ ಬದುಕಿದ್ದವು.

ಕಿಟಕಿಯ ಹಿಂದಿನ ಡಾಸ್

1985ರಲ್ಲಿ ಹುಟ್ಟಿದ ವಿಂಡೋಸ್ ಮೊದಲು ಡಾಸ್‌ನ ಹೆಗಲೇರಿ ಕುಳಿತ ಕೂಸು. 1990ರ 3.0, 1992ರ 3.1 ಅದನ್ನು ಮನೆಮಾತಾಗಿಸಿದವು. 1995ರ ಆಗಸ್ಟಿನಲ್ಲಿ ಬಂದ ವಿಂಡೋಸ್ 95 ಅಂಕಿಗೆ ಬದಲು ಇಸವಿಯನ್ನೇ ಹೆಸರಾಗಿಸಿಕೊಂಡಿತು. ಒಳಗಿನ ಅಂಕಿ ಮಾತ್ರ 4.0. ಇನ್ನೂ ಒಳಗೆ ಇಣುಕಿದರೆ ಅಲ್ಲಿ ಎಂಎಸ್-ಡಾಸ್ 7.0 ಕುಳಿತಿತ್ತು. ಅದು 255 ಅಕ್ಷರಗಳವರೆಗಿನ ಹೆಸರಿಗೆ ಅವಕಾಶ ಕೊಟ್ಟರೂ, ಹಳೆಯ ತಂತ್ರಾಂಶಗಳಿಗಾಗಿ ಪ್ರತಿ ಉದ್ದ ಹೆಸರಿಗೂ ಎಂಟು-ಮೂರರ ಒಂದು ಮೊಟಕು ಹೆಸರನ್ನು ಜೊತೆಗೇ ಬರೆದಿಡುತ್ತಿತ್ತು.

ಇದಕ್ಕೆ ಸಮಾಂತರವಾಗಿ ಡಾಸ್‌ನ ಹಂಗಿಲ್ಲದ ವಿಂಡೋಸ್ ಎನ್‌ಟಿಯನ್ನು 1993ರಲ್ಲಿ ಮೈಕ್ರೋಸಾಫ್ಟ್ ಹೊರತಂದಿತ್ತು. ಅದರ ಮೊದಲ ಆವೃತ್ತಿಯ ಅಂಕಿ 3.1! 2001ರ ವಿಂಡೋಸ್ ಎಕ್ಸ್‌ಪಿ ಎನ್‌ಟಿಯ ಸಂತಾನ, ಒಳಗಿನ ಅಂಕಿ 5.1. ಅಲ್ಲಿಗೆ ಮನೆಬಳಕೆಯ ವಿಂಡೋಸ್‌ನಿಂದ ಡಾಸ್ ಹೊರಬಿತ್ತು. ಅದರ ಕಟ್ಟುಪಾಡುಗಳು ಹೊರಬೀಳಲಿಲ್ಲ.

ಕನ್ನಡಿಗರಿಗೆ 5.1 ಎಂಬ ಅಂಕಿಯ ಮಹತ್ವ ಇನ್ನೊಂದು. 3.3ರ ಡಾಸ್ ಬೇರೆ ಬೇರೆ ದೇಶಗಳ ಅಕ್ಷರಗಳಿಗಾಗಿ ‘ಕೋಡ್ ಪೇಜ್’ ಎಂಬ ಏರ್ಪಾಡು ತಂದಿತ್ತು. ಒಂದು ಪುಟಕ್ಕೆ 256 ಸಂಕೇತಗಳು. ಕನ್ನಡ ಅದರೊಳಗಿರಲಿಲ್ಲ. ಡಾಸ್ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಬೇಕಾದರೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡಿನಂಥ ಪ್ರತ್ಯೇಕ ಸಾಧನವನ್ನು ಸೇರಿಸುವುದು ಒಂದು ದಾರಿಯಾಗಿತ್ತು. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. ಅದು ವಿಂಡೋಸ್‌ನೊಳಗೇ ಬಂದದ್ದು ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಅಕ್ಷರರೂಪದೊಂದಿಗೆ. ಅದಕ್ಕೂ ಹಿಂದಿನ ವಿಂಡೋಸ್ 2000ದಲ್ಲಿ ದೇವನಾಗರಿ, ತಮಿಳು ಇದ್ದವು, ಕನ್ನಡ ಇರಲಿಲ್ಲ. ಒಂದು ಭಾಷೆ ಒಳಗೋ ಹೊರಗೋ ಎಂಬುದನ್ನೂ ಚುಕ್ಕಿಯ ಬಲಗಡೆಯ ಒಂದು ಅಂಕಿ ತೀರ್ಮಾನಿಸಬಲ್ಲದು.

ವಿದ್ಯಾರ್ಥಿಗಳು ಒಂದು ಚಿಕ್ಕ ಪ್ರಯೋಗ ಮಾಡಿ ನೋಡಬಹುದು. ವಿಂಡೋಸ್ 11 ಇರುವ ಕಂಪ್ಯೂಟರಿನಲ್ಲಿ ‘ಕಮಾಂಡ್ ಪ್ರಾಂಪ್ಟ್’ ತೆರೆದು ವಿ-ಇ-ಆರ್ ಎಂದು ಬೆರಳಚ್ಚಿಸಿ. ಇದು ಡಾಸ್ 2.0ರ ಕಾಲದಿಂದ ಬಂದ ಆಜ್ಞೆ. ಉತ್ತರ 11 ಎಂದು ಬರುವುದಿಲ್ಲ, 10.0 ಎಂದು ಆರಂಭವಾಗುತ್ತದೆ. ವಿಂಡೋಸ್ 7ರಲ್ಲಿ ಕೇಳಿದರೆ 6.1 ಎನ್ನುತ್ತಿತ್ತು. ಎಡಗಡೆಯ ಅಂಕಿ ಬದಲಾದರೆ ಹಳೆಯ ತಂತ್ರಾಂಶಗಳು ಹೆದರಿ ನಿಲ್ಲಬಹುದೆಂಬ ಮುನ್ನೆಚ್ಚರಿಕೆ ಅದರ ಹಿಂದಿತ್ತು. ಪೆಟ್ಟಿಗೆಯ ಮೇಲಿನ ಅಂಕಿ ಗಿರಾಕಿಗೆ, ಒಳಗಿನ ಅಂಕಿ ತಂತ್ರಾಂಶಗಳಿಗೆ.

ಇಷ್ಟೆಲ್ಲದರಿಂದ ಕಲಿಯಬೇಕಾದ್ದೇನು? ಹೊಸ ಆವೃತ್ತಿ ಎಂದರೆ ಹಳೆಯದನ್ನು ಕೆಡವಿ ಕಟ್ಟಿದ ಮನೆಯಲ್ಲ. ತುಂಬು ಕುಟುಂಬದ ಹಳೆಯ ಮನೆಗೆ ಮಗನ ಮದುವೆಗೊಂದು ಕೋಣೆ, ಮೊಮ್ಮಕ್ಕಳಿಗೊಂದು ಮಹಡಿ ಸೇರಿದಂತೆ ಅದು ಬೆಳೆಯುತ್ತದೆ. ಅಜ್ಜ ತೋಡಿಸಿದ ಬಾವಿ ಮಾತ್ರ ಅಲ್ಲೇ ಇರುತ್ತದೆ, ಎಲ್ಲರೂ ಅದನ್ನು ಸುತ್ತಿಯೇ ನಡೆಯಬೇಕು. ‘ಬೇಗ ಮಾಡಿದ, ಒರಟೊರಟಾದ’ ಎಂದು ತಮಾಷೆಗೆ ಹೆಸರಿಟ್ಟ ಕೆಲಸವೂ ನಲವತ್ತು ವರ್ಷ ಬಾಳಬಹುದು. ಪ್ರಾಜೆಕ್ಟ್ ಬರೆಯುವ ವಿದ್ಯಾರ್ಥಿ ‘ಸದ್ಯಕ್ಕೆ ಹೀಗಿರಲಿ, ಆಮೇಲೆ ಸರಿಮಾಡಿದರಾಯಿತು’ ಎಂದುಕೊಳ್ಳುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಪೋಷಕರಿಗೂ ಒಂದು ಮಾತು. 1990ರ ದಶಕದ ತರಬೇತಿ ಕೇಂದ್ರಗಳ ಫಲಕಗಳಲ್ಲಿ ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಎಂದು ಬರೆದಿರುತ್ತಿತ್ತು. ಇಂದಿನ ಪೋಷಕರಲ್ಲಿ ಹಲವರು ಅಲ್ಲಿ ಕಲಿತವರೇ. ಆ ಹೆಸರುಗಳೆಲ್ಲ ಫಲಕಗಳಿಂದ ಮರೆಯಾದವು. ಆಜ್ಞೆಗಳನ್ನು ಬಾಯಿಪಾಠ ಮಾಡಿದ್ದವರ ವಿದ್ಯೆ ಅವುಗಳೊಂದಿಗೇ ಹೋಯಿತು. ಕಡತ ಎಂದರೇನು, ಡೈರೆಕ್ಟರಿ ಏಕೆ ಬೇಕಾಯಿತು, 32 ಮೆಗಾಬೈಟಿನ ಮಿತಿ ಎಲ್ಲಿಂದ ಬಂತು ಎಂದು ತಿಳಿದುಕೊಂಡಿದ್ದವರ ವಿದ್ಯೆ ಉಳಿಯಿತು. ಆದ್ದರಿಂದ ಮಗುವನ್ನು ಕಂಪ್ಯೂಟರ್ ತರಗತಿಗೆ ಸೇರಿಸುವಾಗ ಯಾವ ಆವೃತ್ತಿ ಕಲಿಸುತ್ತೀರಿ ಎಂದು ಕೇಳುವುದಷ್ಟೇ ಸಾಲದು. ಅದು ಹಾಗೇಕಿದೆ ಎಂಬುದನ್ನೂ ಕಲಿಸುತ್ತೀರಾ ಎಂದು ಕೇಳಬೇಕು.

ಹಾಗೆ ಕಲಿಯುವ ಹಂಬಲವಿದ್ದವರಿಗೆ ಈಗ ದಾರಿಯೂ ಸುಗಮ. ಎಂಎಸ್-ಡಾಸ್ 1.25 ಮತ್ತು 2.0ರ ಮೂಲ ಬರಹವನ್ನು 2014ರಲ್ಲಿ ಅಮೆರಿಕದ ಕಂಪ್ಯೂಟರ್ ಇತಿಹಾಸ ವಸ್ತುಸಂಗ್ರಹಾಲಯದ ಮೂಲಕ ಬಹಿರಂಗಪಡಿಸಲಾಯಿತು. 2024ರಲ್ಲಿ 4.0ರ ಮೂಲ ಬರಹವೂ ಹೊರಬಂತು. ಒಂದು ಕಾಲಕ್ಕೆ ಕಂಪನಿಯ ಕಪಾಟಿನಲ್ಲಿ ಭದ್ರವಾಗಿದ್ದ ಆ ಸಾಲುಗಳನ್ನು ಯಾವ ಊರಿನ ವಿದ್ಯಾರ್ಥಿಯಾದರೂ ಉಚಿತವಾಗಿ ಪಡೆದು ಓದಬಹುದು. ಅಸೆಂಬ್ಲಿ ಭಾಷೆ ಬಲ್ಲವರಿಗೆ ಅದು ಸುಲಿದ ಬಾಳೆಹಣ್ಣೇನೂ ಅಲ್ಲ. ಆದರೆ ಕಷ್ಟಪಟ್ಟು ಓದಿದವರಿಗೆ ‘ಸಿ-ಒ-ಎನ್’ ಎಂಬ ಮೂರಕ್ಷರ ಎಲ್ಲಿ ಕುಳಿತಿದೆ ಎಂಬುದು ಕಣ್ಣಾರೆ ಕಾಣಸಿಗುತ್ತದೆ.